ಗೂಡುದೀಪ, ತಗಡಿನ ಚಪ್ಪರ, ಕೆಲಸವಿಲ್ಲದ ಆರ್‌ಸಿಸಿಬಿ: ದೀಪಾವಳಿ ಅಲಂಕಾರದ ಒಂದು ಪ್ರಕರಣ ಅಧ್ಯಯನ

ಉಡುಪಿ ಜಿಲ್ಲೆಯ ಒಳನಾಡಿನ ಒಂದು ಮನೆಯಲ್ಲಿ ದೀಪಾವಳಿಗೆಂದು ಹೊರಗೆ ಹಾಕಿದ್ದ ದೀಪಗಳಿಂದ ಅಂಗಳದ ತಗಡಿನ ಚಪ್ಪರಕ್ಕೆ ವಿದ್ಯುತ್ ಸೋರಿ, ಮಳೆಯ ಸಂಜೆಯಲ್ಲಿ ಮನೆಯ ಸೊಸೆಗೆ ಶಾಕ್ ತಗಲಿದ ಪ್ರಕರಣವಿದು. ಪ್ರಾಣಹಾನಿಯಾಗಲಿಲ್ಲ, ಯಾರೂ ಆಸ್ಪತ್ರೆಗೆ ಸೇರಲಿಲ್ಲ. ಆದರೂ ಇದನ್ನು ವಿವರವಾಗಿ ದಾಖಲಿಸಲು ಕಾರಣವಿದೆ. ಆ ಮನೆಯಲ್ಲಿ ಕರೆಂಟು ಮಿತಿಮೀರಿದರೆ ಲೈನ್ ಕಡಿಯುವ ಎಂಸಿಬಿ ಇತ್ತು, ಕರೆಂಟು ಸೋರಿದರೆ ಕಡಿಯುವ ಆರ್‌ಸಿಸಿಬಿ ಇತ್ತು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿ ಇತ್ತು, ದೀಪಗಳೆಲ್ಲ ಎಲ್‌ಇಡಿ. ಬಾಯಿಮಾತಿನಲ್ಲಿ ವಿಚಾರಿಸಿದ ಯಾರಿಗಾದರೂ ಈ ಮನೆಯ ವಯರಿಂಗ್‌ನಲ್ಲಿ ಕೊರತೆಯೇ ಕಾಣುತ್ತಿರಲಿಲ್ಲ. ಹಾಗಿದ್ದೂ ಆ ಸಂಜೆ ಚಪ್ಪರದ ಕಂಬವನ್ನು ಬರಿಗಾಲಿನಲ್ಲಿ ನಿಂತು ಬಿಗಿಯಾಗಿ ಹಿಡಿದವರು ಬದುಕುವುದು ಕಷ್ಟವಿತ್ತು. ತಪಾಸಣೆಗೆ ಕರೆ ಬಂದಾಗ ನಾನು ನೋಡಿದ್ದನ್ನು, ಅಳೆದದ್ದನ್ನು, ಬಳಿಕ ಮಾಡಿಸಿದ ಬದಲಾವಣೆಗಳನ್ನು ಇಲ್ಲಿ ಬರೆದಿದ್ದೇನೆ. ಮನೆಯವರ ಗುರುತು ತಿಳಿಯುವ ವಿವರಗಳನ್ನು ಬಿಟ್ಟಿದ್ದೇನೆ.

ಮನೆ ಮತ್ತು ಅಲಂಕಾರ

ಮುರಕಲ್ಲಿನ ಗೋಡೆಯ ಹಳೆಯ ಹೆಂಚಿನ ಮನೆ. ಮುಂದೆ ಅಂಗಳ, ಅಂಗಳದ ಮಧ್ಯೆ ತುಳಸಿಕಟ್ಟೆ. ಮಳೆಗಾಲದಲ್ಲಿ ಅಡಿಕೆ, ಬಟ್ಟೆ ಒಣಗಿಸಲು ಅನುಕೂಲವಾಗಲೆಂದು ಅಂಗಳದ ಅರ್ಧಭಾಗಕ್ಕೆ ಕೆಲವು ವರ್ಷಗಳ ಹಿಂದೆ ತಗಡಿನ ಶೀಟು ಹೊದೆಸಲಾಗಿತ್ತು. ಜಿಐ ಪೈಪಿನ ಕಂಬಗಳನ್ನು ಕಾಂಕ್ರೀಟಿನಲ್ಲಿ ನಿಲ್ಲಿಸಿ, ಮೇಲೆ ಕಬ್ಬಿಣದ ಚೌಕಟ್ಟು ಬೆಸೆದು, ಅದರ ಮೇಲೆ ಶೀಟು ಕೂರಿಸಿದ್ದರು. ಕರಾವಳಿಯ ಮನೆಗಳಲ್ಲಿ ಇಂಥ ಚಪ್ಪರ ಈಗ ಸಾಮಾನ್ಯ. ಅದನ್ನು ಕಟ್ಟುವವರು ವೆಲ್ಡಿಂಗ್ ಕೆಲಸದವರು. ವಯರಿಂಗ್ ಮಾಡುವವರು ಬೇರೆಯವರು. ಹೀಗಾಗಿ ಅಷ್ಟು ದೊಡ್ಡ ಲೋಹದ ರಚನೆಯನ್ನು ಮನೆಯ ಅರ್ಥಿಂಗ್‌ಗೆ ಜೋಡಿಸಬೇಕೆಂಬ ಮಾತು ಇಬ್ಬರ ನಡುವೆಯೂ ಬರುವುದಿಲ್ಲ. ಇಲ್ಲಿಯೂ ಬಂದಿರಲಿಲ್ಲ.

ನೀರು ತುಂಬುವ ಹಬ್ಬದ ಹಿಂದಿನ ದಿನ ಮನೆಯ ಹುಡುಗರು ಚಪ್ಪರದ ಅಂಚಿನುದ್ದಕ್ಕೂ ಎಲ್‌ಇಡಿ ಸೀರಿಯಲ್ ಸೆಟ್‌ಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಸಿಕ್ಕಿಸುತ್ತ ಎಳೆದರು. ಒಂದು ಸೆಟ್ ಹಿಂದಿನ ವರ್ಷ ತುಂಡಾಗಿದ್ದುದರಿಂದ ಅದನ್ನು ಕೈಯಲ್ಲೇ ಹೊಸೆದು ಟೇಪು ಸುತ್ತಿದ್ದರು. ವಯರು ಜೋತು ಬೀಳದಿರಲೆಂದು ಚೌಕಟ್ಟಿಗೆ ಬೈಂಡಿಂಗ್ ವಯರಿನಿಂದ ಬಿಗಿದರು. ಮೂಲೆಯ ಕಂಬಕ್ಕೆ ಒಂದು ಕಬ್ಬಿಣದ ಪೈಪು ಕಟ್ಟಿ ಅದರ ತುದಿಯಲ್ಲಿ ಗೂಡುದೀಪ ತೂಗಿಸಿದರು; ಗೂಡುದೀಪದ ಬಲ್ಬಿನ ವಯರು ಆ ಪೈಪಿನ ಒಳಗಿಂದಲೇ ಹಾದು ಬಂದಿತ್ತು. ಎಲ್ಲವೂ ಸೇರಿದ್ದು ಜಗಲಿಯ ಸಾಕೆಟ್ಟಿಗೆ ಹಾಕಿದ್ದ ಎರಡು ಪಿನ್ನಿನ ಎಕ್ಸ್‌ಟೆನ್ಶನ್ ಬೋರ್ಡಿಗೆ. ನಮ್ಮಲ್ಲಿ ಈ ದೀಪಗಳು ಬಲಿಪಾಡ್ಯಮಿ ಮುಗಿದ ಕೂಡಲೇ ಇಳಿಯುವುದಿಲ್ಲ, ತುಳಸಿಪೂಜೆಯವರೆಗೂ ಇರುತ್ತವೆ. ಹಿಂಗಾರಿನ ಮಳೆ ಸಂಜೆಯ ಹೊತ್ತಿಗೆ ಗುಡುಗಿನೊಂದಿಗೆ ಬರುವ ಕಾಲವೂ ಅದೇ ಆಗಿರುವುದರಿಂದ, ಹೊರಗಿನ ಅಲಂಕಾರ ನೆನೆಯುವುದು ಇಲ್ಲಿ ಆಕಸ್ಮಿಕವಲ್ಲ, ಖಚಿತ.

ಆ ಸಂಜೆ

ಬಲಿಪಾಡ್ಯಮಿಯ ಸಂಜೆ ಒಂದು ಗಂಟೆಯಷ್ಟು ಜೋರು ಮಳೆ ಬಂದು ನಿಂತಿತ್ತು. ತುಳಸಿಕಟ್ಟೆಯ ಬಳಿ ಹಣತೆ ಇಡಲು ಹೊರಟ ಸೊಸೆ, ಜಾರದಿರಲೆಂದು ಚಪ್ಪರದ ಕಂಬಕ್ಕೆ ಕೈ ತಾಗಿಸಿದಾಗ ಬೆರಳಿನಿಂದ ಮೊಣಕೈವರೆಗೆ ಜುಮ್ಮೆಂದಿತು. ಅವರ ಕಾಲಿನಲ್ಲಿ ರಬ್ಬರಿನ ಹವಾಯಿ ಚಪ್ಪಲಿ ಇತ್ತು, ತಾಗಿದ್ದು ಬೆರಳಿನ ಹಿಂಬದಿ. “ಮಾವ, ಕಂಬ ಮುಟ್ಟಿದ್ರೆ ಜುಮ್ ಅಂತದೆ” ಎಂದು ಕೂಗಿ ಹೇಳಿ ಅವರು ಜಗಲಿಗೆ ಹತ್ತಿದರು.

ಮಾವನವರು ಮಾಡಿದ್ದು ಯಾರಾದರೂ ಮಾಡುವಂಥದ್ದೇ: ಒಳಗೆ ಹೋಗಿ ಮೇನ್ ಎಂಸಿಬಿ ಇಳಿಸಿದರು, ಹಿಂದಿನಿಂದ ಅಲ್ಯೂಮಿನಿಯಂ ಏಣಿ ತಂದು ಚಪ್ಪರಕ್ಕೆ ಒರಗಿಸಲು ಹೊರಟರು. ಅವರನ್ನು ತಡೆದದ್ದು ಮೊಮ್ಮಗನ ಮಾತು. “ಅಜ್ಜಾ, ಲೈಟ್ ಇನ್ನೂ ಉರೀತಾ ಉಂಟಲ್ಲ” ಎಂದ ಹುಡುಗ. ಅಡುಗೆಮನೆ, ಬಚ್ಚಲು ಕತ್ತಲಾಗಿದ್ದರೂ ಚಪ್ಪರದ ಸೀರಿಯಲ್ ಸೆಟ್ ಮಿನುಗುತ್ತಲೇ ಇತ್ತು. ಜಗಲಿಯ ಸಾಕೆಟ್ ಇನ್ವರ್ಟರ್ ಲೈನಿನಲ್ಲಿತ್ತು. ಕರೆಂಟು ಹೋದರೂ ಹಬ್ಬದ ದೀಪ ಆರಬಾರದೆಂದು ಹಾಗೆ ಮಾಡಿಸಿಕೊಂಡದ್ದು ಮನೆಯವರಿಗೇ ಆ ಗಳಿಗೆಯಲ್ಲಿ ನೆನಪಾಗಿರಲಿಲ್ಲ.

ಈ ಕ್ಷಣವನ್ನು ಇಡೀ ಪ್ರಕರಣದಲ್ಲಿ ಅತ್ಯಂತ ಅಪಾಯಕಾರಿಯಾದದ್ದೆಂದು ನಾನು ಎಣಿಸುತ್ತೇನೆ. ಸೊಸೆಗೆ ಶಾಕ್ ತಗಲಿದ್ದು ಅರಿಯದೆ. ಮಾವನವರಾದರೋ ಅಪಾಯ ಇದೆಯೆಂದು ತಿಳಿದು, ಅದನ್ನು ತೆಗೆದುಹಾಕಿದ್ದೇನೆಂಬ ಧೈರ್ಯದಿಂದ, ಒದ್ದೆ ಅಂಗಳದಲ್ಲಿ ಲೋಹದ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಟಿದ್ದರು. ಆ ಹಳೆಯ ಬೋರ್ಡಿನ ಮೇನ್ ಎಂಸಿಬಿ ಫೇಸನ್ನು ಮಾತ್ರ ಕಡಿಯುವಂಥದ್ದು. ನ್ಯೂಟ್ರಲ್ ಹೊರಗಿನ ಲೈನಿಗೆ ಸೇರಿಕೊಂಡೇ ಇರುವುದರಿಂದ, ಇನ್ವರ್ಟರ್‌ನಿಂದ ಹೊರಡುವ ಫೇಸಿಗೂ ಅಂಗಳದ ಮಣ್ಣಿಗೂ ನಡುವೆ ಪೂರ್ತಿ ವೋಲ್ಟೇಜ್ ಆಗಲೂ ಇರುತ್ತದೆ. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಇಳಿಸುವುದು ಅರ್ಧ ಕೆಲಸ ಮಾತ್ರ. ಇನ್ವರ್ಟರ್‌ನ ಸ್ವಿಚ್ಚನ್ನೂ ಆರಿಸಿ, ಪ್ಲಗ್ಗನ್ನು ಕೈಯಾರೆ ಕಿತ್ತ ಮೇಲಷ್ಟೇ ಹೊರಗಿನ ವಯರನ್ನು ಮುಟ್ಟುವ ಮಾತು. ಮೊಮ್ಮಗನ ಮಾತಿನ ಬಳಿಕ ಅವರು ಮಾಡಿದ್ದೂ ಅದನ್ನೇ. ಜಗಲಿಯ ಒಳಗೆ ಒಣ ನೆಲದಲ್ಲಿ ನಿಂತು ಪ್ಲಗ್ಗು ತೆಗೆದರು, ಚಪ್ಪರದ ಕೆಳಗೆ ಯಾರೂ ಸುಳಿಯದಂತೆ ನೋಡಿಕೊಂಡರು.

ತಪಾಸಣೆಯಲ್ಲಿ ಕಂಡದ್ದು

ಮರುದಿನ ನಾನು ಹೋದಾಗ ಬಿಸಿಲಿತ್ತು, ಕಂಬ ಒಣಗಿತ್ತು. ಮನೆಯವರು ಆಗಲೇ ಟೆಸ್ಟರ್ ಹಿಡಿದು ನೋಡಿ, ಏನೂ ಇಲ್ಲವೆಂದು ಅರ್ಧ ಸಮಾಧಾನಪಟ್ಟಿದ್ದರು. ಕಿಸೆಯಲ್ಲಿಡುವ ನಿಯಾನ್ ಟೆಸ್ಟರ್‌ನ ದೀಪ ಹತ್ತಿದರೆ ಅಪಾಯವಿದೆ ಎಂದು ತಿಳಿಯಬಹುದೇ ಹೊರತು, ಹತ್ತದಿದ್ದರೆ ಅಪಾಯವಿಲ್ಲ ಎಂದಲ್ಲ. ಬಿಸಿಲಿನಲ್ಲಿ ಅದರ ಮಂದ ಬೆಳಕು ಕಾಣದೆಯೂ ಹೋಗುತ್ತದೆ. ಡಿಜಿಟಲ್ ಮಲ್ಟಿಮೀಟರ್‌ನಲ್ಲಿ ಇದಕ್ಕೆ ತದ್ವಿರುದ್ಧವಾದ ತೊಡಕಿದೆ. ಪಕ್ಕದಲ್ಲಿ ಹಾದುಹೋಗುವ ವಯರಿನ ಪ್ರಭಾವದಿಂದಲೇ ಅದು ಹತ್ತಾರು ವೋಲ್ಟ್ ತೋರಿಸಬಲ್ಲುದು, ಅಲ್ಲಿ ಹಾನಿ ಮಾಡುವಷ್ಟು ಕರೆಂಟು ಹರಿಯುವ ಶಕ್ತಿಯೇ ಇಲ್ಲದಿರಬಹುದು. ಆದ್ದರಿಂದ ಲೈನ್ ಜೀವಂತವಿರುವಾಗ ಕಂಬ ಅಳೆಯುವ ಗೋಜಿಗೆ ಹೋಗದೆ, ಎಲ್ಲ ಪ್ಲಗ್ಗುಗಳನ್ನು ತೆಗೆದಿಟ್ಟು, ಸೀರಿಯಲ್ ಸೆಟ್‌ನ ಎರಡೂ ವಯರುಗಳನ್ನು ಒಟ್ಟಿಗೆ ಸೇರಿಸಿ, ಅವುಗಳಿಗೂ ಚಪ್ಪರದ ಚೌಕಟ್ಟಿಗೂ ನಡುವೆ ಮೆಗ್ಗರ್ ಎಂಬ, 500 ವೋಲ್ಟ್ ಹಾಯಿಸಿ ತಡೆ ಅಳೆಯುವ ಮೀಟರ್‌ನಿಂದ ಇನ್ಸುಲೇಷನ್ ಪರೀಕ್ಷಿಸಿದೆ. ಎರಡು ವಯರುಗಳನ್ನು ಒಟ್ಟು ಸೇರಿಸುವುದು ಮುಖ್ಯ, ಇಲ್ಲವಾದರೆ ಮೆಗ್ಗರ್‌ನ ವೋಲ್ಟೇಜ್ ದೀಪಗಳ ನಡುವೆ ಬಿದ್ದು ಎಲ್‌ಇಡಿ ಮತ್ತು ಮಿನುಗಿಸುವ ಡಬ್ಬಿ ಸುಟ್ಟುಹೋಗುತ್ತವೆ.

ಒಣಗಿದ್ದಾಗ ಮೀಟರ್ ತೋರಿಸಿದ ತಡೆ ಹಲವು ಮೆಗಾಓಮ್; ಒಂದು ಮೆಗಾಓಮ್ ಸಾಕೆಂಬ ಸಾಮಾನ್ಯ ಮಟ್ಟಕ್ಕಿಂತ ಚೆನ್ನಾಗಿಯೇ ಇತ್ತು. ಆಮೇಲೆ ತೋಟಕ್ಕೆ ನೀರು ಬಿಡುವ ಪೈಪಿನಿಂದ ಚಪ್ಪರದ ಅಂಚಿಗೆ ಮಳೆಯಂತೆ ನೀರು ಹಾಯಿಸಿ ಮತ್ತೆ ಅಳೆದಾಗ ಅದು ಸುಮಾರು 3 ಕಿಲೋಓಮ್‌ಗೆ ಇಳಿಯಿತು. ಸಾವಿರಕ್ಕೂ ಹೆಚ್ಚು ಪಟ್ಟಿನ ಕುಸಿತವದು. ಹೊರಗಿನ ಅಲಂಕಾರವನ್ನು ಒಣ ಹಗಲಿನಲ್ಲಿ ಪರೀಕ್ಷಿಸಿ “ಸರಿ ಇದೆ” ಎನ್ನುವುದಕ್ಕೆ ಅರ್ಥವಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಸೋರಿಕೆಯ ಜಾಗ ಹುಡುಕಲು ಸೆಟ್‌ಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಟೇಪು ಸುತ್ತಿದ್ದ ಜೋಡಣೆಯ ಪಕ್ಕದಲ್ಲೇ ಬೈಂಡಿಂಗ್ ವಯರಿನ ಒಂದು ಗಂಟು ಬಿದ್ದಿತ್ತು. ಇಕ್ಕಳದಲ್ಲಿ ತಿರುಚಿ ಬಿಗಿದ ಆ ಕಂಬಿ ಸೀರಿಯಲ್ ಸೆಟ್‌ನ ತೆಳ್ಳಗಿನ ಪಿವಿಸಿ ಹೊದಿಕೆಯನ್ನು ಕಡಿದು ಒಳಗೆ ಇಳಿದಿತ್ತು. ಟೇಪಿನ ತುದಿ ಬಿಚ್ಚಿಕೊಂಡು, ಒಳಗೆ ನೀರು ನಿಂತು, ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಕಂಬಿ ತಾಗಿದ ಕಡೆ ಚೌಕಟ್ಟಿನ ಬಣ್ಣ ಉಗುರಿನಷ್ಟಗಲ ಕಪ್ಪಗಾಗಿತ್ತು. ಇನ್ಸುಲೇಷನ್ ಟೇಪು ಮನೆಯ ಒಳಗಿನ ಒಣ ಜಾಗಕ್ಕೆ ಸರಿ, ಮಳೆ ತಡೆಯುವ ಸಾಧನವಲ್ಲ. ನೀರು ಟೇಪಿನ ಸುರುಳಿಗಳ ನಡುವಿನಿಂದ ಒಳಹೋಗುತ್ತದೆ, ಬಿಸಿಲಿಗೆ ಅಂಟು ಸಡಿಲಗೊಳ್ಳುತ್ತದೆ, ಒಳಗೆ ಹೋದ ನೀರು ಬೇಗ ಹೊರಬರುವುದಿಲ್ಲ.

ಗೂಡುದೀಪದ ಪೈಪಿನಲ್ಲೂ ಇಂಥದೇ ಇನ್ನೊಂದು ಅಪಾಯ ಕಾದಿತ್ತು. ಕೊಯ್ದ ಪೈಪಿನ ಬಾಯಿ ಹರಿತವಾಗಿಯೇ ಉಳಿದಿತ್ತು, ಗಾಳಿಗೆ ಗೂಡುದೀಪ ತೂಗಿದಂತೆಲ್ಲ ವಯರು ಅದಕ್ಕೆ ಉಜ್ಜಿ ಹೊದಿಕೆ ಸವೆದಿತ್ತು. ತಾಮ್ರ ಇನ್ನೂ ಕಂಡಿರಲಿಲ್ಲ, ಅಷ್ಟೇ.

ಇಷ್ಟೆಲ್ಲ ರಕ್ಷಣೆ ಇದ್ದೂ ಏಕೆ ಕೈಕೊಟ್ಟಿತು

ಮನೆಯವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, ಎಂಸಿಬಿ ಏಕೆ ಬೀಳಲಿಲ್ಲ ಎಂಬುದು. ಅದಕ್ಕೆ ಲೆಕ್ಕದಲ್ಲೇ ಉತ್ತರವಿದೆ. 230 ವೋಲ್ಟನ್ನು 3,000 ಓಮ್‌ನಿಂದ ಭಾಗಿಸಿದರೆ ಸುಮಾರು 77 ಮಿಲಿಆಂಪಿಯರ್ ಬರುತ್ತದೆ. ಆ ಸರ್ಕಿಟ್ಟಿನ ಎಂಸಿಬಿ 16 ಆಂಪಿಯರಿನದು. ಅಂದರೆ ಸೋರಿಕೆಯ ಇನ್ನೂರು ಪಟ್ಟಿಗೂ ಹೆಚ್ಚು ಕರೆಂಟು ಹರಿದರಷ್ಟೇ ಅದು ಗಮನಿಸಲು ತೊಡಗುತ್ತದೆ. ಮನುಷ್ಯನ ದೇಹದ ಲೆಕ್ಕವೇ ಬೇರೆ. ಸುಮಾರು ಅರ್ಧ ಮಿಲಿಆಂಪಿಯರ್‌ಗೆ ಜುಮ್ಮೆನ್ನುತ್ತದೆ, 10 ಮಿಲಿಆಂಪಿಯರ್ ಆಸುಪಾಸಿನಲ್ಲಿ ಸ್ನಾಯು ಸೆಟೆದು ಹಿಡಿದದ್ದನ್ನು ಬಿಡಲಾಗದಂತಾಗುತ್ತದೆ, 30ನ್ನು ದಾಟಿ ಹೆಚ್ಚು ಹೊತ್ತು ಹರಿದರೆ ಉಸಿರಿಗೆ, ಹೃದಯದ ಬಡಿತಕ್ಕೆ ಸಂಚಕಾರ. ಒದ್ದೆ ಮೈ, ಬರಿಗಾಲು, ಬಿಗಿ ಹಿಡಿತ ಎಂದಾದರೆ ದೇಹದ ತಡೆಯನ್ನು 1,500 ಓಮ್ ಎಂದಿಟ್ಟುಕೊಳ್ಳೋಣ. ಸೋರಿಕೆಯ 3,000 ಓಮ್ ಅದಕ್ಕೆ ಸೇರಿದರೆ 4,500 ಓಮ್. ಹರಿಯುವುದು ಸುಮಾರು 50 ಮಿಲಿಆಂಪಿಯರ್. ಸೊಸೆ ಪಾರಾದದ್ದು ರಬ್ಬರ್ ಚಪ್ಪಲಿಯಿಂದ ಮತ್ತು ಬೆರಳಿನ ಹಿಂಬದಿ ಮಾತ್ರ ತಾಗಿದ್ದರಿಂದ. ಎಂಸಿಬಿ ಇರುವುದು ವಯರು ಸುಟ್ಟು ಬೆಂಕಿ ಬೀಳದಂತೆ ಕಾಯಲು. ಮನುಷ್ಯನನ್ನು ಕಾಯುವ ಕೆಲಸ ಅದರದಲ್ಲ, ಅದರಿಂದ ಆ ಕೆಲಸ ನಿರೀಕ್ಷಿಸುವುದೇ ನಮ್ಮ ಮನೆಗಳಲ್ಲಿ ನಾನು ಪದೇ ಪದೇ ಕಾಣುವ ಅತಿ ದೊಡ್ಡ ತಪ್ಪುಕಲ್ಪನೆ.

ಆ ಕೆಲಸಕ್ಕೆಂದೇ ಇರುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ಹಿಂದಿರುಗುತ್ತಿದೆಯೇ ಎಂದು ಅದು ಸದಾ ತೂಗಿ ನೋಡುತ್ತದೆ. ವ್ಯತ್ಯಾಸ 30 ಮಿಲಿಆಂಪಿಯರ್ ತಲುಪಿದರೆ ಗರಿಷ್ಠ 0.3 ಸೆಕೆಂಡಿನಲ್ಲಿ, ಅದರ ಐದು ಪಟ್ಟಾದರೆ 0.04 ಸೆಕೆಂಡಿನಲ್ಲಿ ಲೈನ್ ಕಡಿಯಬೇಕು ಎಂಬುದು ಅದರ ಮಾನದಂಡ. ಈ ಮನೆಯ ಬೋರ್ಡಿನಲ್ಲೂ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಕೂತಿತ್ತು, ಲಿವರ್ ಮೇಲಕ್ಕೇ ಇತ್ತು. ಟೆಸ್ಟ್ ಗುಂಡಿ ಒತ್ತಿದೆ, ಏನೂ ಆಗಲಿಲ್ಲ. ಮುಚ್ಚಳ ಬಿಚ್ಚಿದಾಗ ಅದರ ಒಳಬರುವ ಮತ್ತು ಹೊರಹೋಗುವ ವಯರುಗಳನ್ನು ಕಿತ್ತು, ಹಿಂದೆ ಒಂದು ಕನೆಕ್ಟರ್‌ನಲ್ಲಿ ನೇರ ಜೋಡಿಸಿದ್ದು ಕಂಡಿತು. ಜೂನ್‌ನ ಮಳೆಗೆ ಅದು ಮೇಲಿಂದ ಮೇಲೆ ಬೀಳುತ್ತಿತ್ತಂತೆ, ಅಡುಗೆಯ ಹೊತ್ತಿಗೆ ಕರೆಂಟಿಲ್ಲದೆ ಬೇಸತ್ತು ಮನೆಯವರೇ ಹೇಳಿ “ಬೈಪಾಸ್” ಮಾಡಿಸಿದ್ದರು.

ಬೇಸರ ನನಗೆ ಅರ್ಥವಾಗುತ್ತದೆ, ಆದರೆ ಆ ಪರಿಹಾರವನ್ನು ಒಪ್ಪಲಾರೆ. ಮಳೆಗಾಲದಲ್ಲಿ ಆರ್‌ಸಿಸಿಬಿ ಬೀಳುತ್ತದೆಂದರೆ ಎಲ್ಲೋ ನೀರು ವಯರನ್ನು ಮುಟ್ಟಿದೆ ಎಂದೇ ಅರ್ಥ. ಸರ್ಕಿಟ್ಟುಗಳನ್ನು ಒಂದೊಂದಾಗಿ ತೆಗೆದು ಹಾಕಿ ನೋಡಿದಾಗ ಕಾರಣವೂ ಸಿಕ್ಕಿತು: ಗೇಟಿನ ಕಂಬದ ಮೇಲಿನ ದೀಪದ ಹೋಲ್ಡರಿನಲ್ಲಿ ನೀರು ನಿಲ್ಲುತ್ತಿತ್ತು. ಹೋಲ್ಡರ್ ಬದಲಿಸಿ ದೀಪಕ್ಕೊಂದು ಮುಚ್ಚಿಗೆ ಹಾಕಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಇಡೀ ಮನೆಯ ಕಾವಲನ್ನೇ ತೆಗೆದುಹಾಕಿದಂತಾಗಿತ್ತು. ಲಿವರ್ ಮೇಲಕ್ಕಿದ್ದುದರಿಂದ, ಐದು ತಿಂಗಳ ಬಳಿಕ ದೀಪ ಕಟ್ಟಿದ ಹುಡುಗರಿಗೆ ಅದು ಗೊತ್ತಾಗುವ ದಾರಿಯೂ ಇರಲಿಲ್ಲ.

ಅರ್ಥಿಂಗ್ ವಿಷಯದಲ್ಲಿ ಕರಾವಳಿಗೆ ತನ್ನದೇ ಆದ ಕಷ್ಟವಿದೆ. ಮುರಕಲ್ಲಿನ ನೆಲ ಕರೆಂಟನ್ನು ಸುಲಭವಾಗಿ ಹರಿಯಗೊಡುವುದಿಲ್ಲ. ನೀರು ಬೇಗ ಬಸಿದುಹೋಗುವುದರಿಂದ ಬೇಸಗೆಯಲ್ಲಂತೂ ಗುಂಡಿ ಒಣಗಿ ತಡೆ ಇನ್ನೂ ಏರುತ್ತದೆ. ಈ ಮನೆಯ ಗುಂಡಿಯ ತಡೆ 40 ಓಮ್ ಆಸುಪಾಸಿನಲ್ಲಿತ್ತು. ಫ್ರಿಜ್ಜಿನ ಮೈಗೆ ಫೇಸ್ ನೇರವಾಗಿ ತಾಗಿತೆಂದುಕೊಂಡರೂ 40 ಓಮ್ ಮೂಲಕ ಹರಿಯುವುದು 6 ಆಂಪಿಯರಿಗೂ ಕಡಿಮೆ. 16 ಆಂಪಿಯರಿನ ಎಂಸಿಬಿ ಅಲುಗುವುದಿಲ್ಲ, ಫ್ರಿಜ್ಜಿನ ಮೈ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜಿನಲ್ಲಿ ನಿಂತಿರುತ್ತದೆ. ಇಂಥ ನೆಲದಲ್ಲಿ ಅರ್ಥಿಂಗ್ ಮತ್ತು ಎಂಸಿಬಿ ಎರಡೇ ಸೇರಿ ಜೀವ ಉಳಿಸಲಾರವು, ಆರ್‌ಸಿಸಿಬಿ ಇರಲೇಬೇಕು. ಅದೇ 40 ಓಮ್‌ನ ಗುಂಡಿಗೆ ಚಪ್ಪರವನ್ನು ಜೋಡಿಸಿದ್ದಿದ್ದರೆ ಮಾತ್ರ, 3 ಕಿಲೋಓಮ್‌ನ ಆ ಸೋರಿಕೆಯಲ್ಲಿ ಕಂಬದ ಮೇಲೆ ಉಳಿಯುತ್ತಿದ್ದುದು ಸುಮಾರು 3 ವೋಲ್ಟ್ ಅಷ್ಟೇ. ಗುಂಡಿ ಇತ್ತು, ಚಪ್ಪರಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

ಎಲ್‌ಇಡಿ ದೀಪವೆಂದ ಮೇಲೆ ವೋಲ್ಟೇಜ್ ಕಡಿಮೆ, ಶಾಕ್ ಹೊಡೆಯದು ಎಂಬ ನಂಬಿಕೆಯೂ ಇಲ್ಲಿ ಕೆಲಸ ಮಾಡಿತ್ತು. ಒಂದೊಂದು ಎಲ್‌ಇಡಿಗೆ ಬೇಕಾಗುವುದು ಎರಡು ಮೂರು ವೋಲ್ಟ್ ಮಾತ್ರ, ನಿಜ. ಆದರೆ ಅಡಾಪ್ಟರ್ ಇಲ್ಲದೆ ನೇರವಾಗಿ ಸಾಕೆಟ್ಟಿಗೆ ಸಿಕ್ಕಿಸುವ ಸೆಟ್‌ನಲ್ಲಿ ಅವೆಲ್ಲ ಸಾಲಾಗಿ ಒಂದೇ ಸರದಲ್ಲಿರುತ್ತವೆ, ಸರದ ಫೇಸ್ ಬದಿಯ ವಯರಿಗೂ ನೆಲಕ್ಕೂ ನಡುವೆ ಇರುವುದು ಪೂರ್ತಿ 230 ವೋಲ್ಟ್. ನಡುವೆ ಒಂದು ದೀಪ ಕಿತ್ತುಬಂದರೆ ಆ ಬಾಯ್ದೆರೆದ ತುದಿಗಳ ನಡುವೆಯೂ ಅಷ್ಟೇ. ಎರಡು ಪಿನ್ನಿನ ಪ್ಲಗ್ಗನ್ನು ತಿರುವಿ ಹಾಕಿದರೆ ಯಾವ ತುದಿ ಫೇಸ್ ಎಂಬುದೂ ಬದಲಾಗುತ್ತದೆ.

ಮಾಡಿದ ಬದಲಾವಣೆಗಳು

ಆರ್‌ಸಿಸಿಬಿಯನ್ನು ಮತ್ತೆ ಸರ್ಕಿಟ್ಟಿಗೆ ಸೇರಿಸಲಾಯಿತು, ಮೇನ್ ಎಂಸಿಬಿಯ ಜಾಗಕ್ಕೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಬಂತು. ಹೊರಗಿನ ದೀಪಗಳಿಗೆಂದೇ ಬೇರೊಂದು ಸರ್ಕಿಟ್ ಎಳೆದು ಅದಕ್ಕೆ ಎಂಸಿಬಿ, ಆರ್‌ಸಿಸಿಬಿ ಎರಡರ ಕೆಲಸವನ್ನೂ ಮಾಡುವ ಪ್ರತ್ಯೇಕ 30 ಮಿಲಿಆಂಪಿಯರ್‌ನ ಆರ್‌ಸಿಬಿಓ ಹಾಕಿಸಿದೆ. ಇದರಿಂದ ಇನ್ನೊಂದು ಲಾಭವೂ ಉಂಟು. ಮಳೆಗೆ ಹೊರಗಿನ ದೀಪ ಸೋರಿ ಟ್ರಿಪ್ ಆದರೂ ಪ್ರತಿ ಸಲವೂ ಅಡುಗೆಮನೆ ಕತ್ತಲಾಗಬೇಕೆಂದಿಲ್ಲ, ಆದ್ದರಿಂದ ಮುಂದೊಮ್ಮೆ ಅದನ್ನು ಬೈಪಾಸ್ ಮಾಡಿಸುವ ಆಸೆಯೂ ಅಷ್ಟಾಗಿ ಹುಟ್ಟುವುದಿಲ್ಲ. ಜಗಲಿಯ ಸಾಕೆಟ್ಟನ್ನು ಇನ್ವರ್ಟರ್‌ನಿಂದ ತೆಗೆಯಲಾಯಿತು. ಇನ್ವರ್ಟರ್ ಮೇಲೆ ನಡೆಯುವಾಗ ಮೇನ್ ಬೋರ್ಡಿನ ಆರ್‌ಸಿಸಿಬಿಯ ರಕ್ಷಣೆ ಎಲ್ಲ ಜೋಡಣೆಗಳಲ್ಲೂ ಒಂದೇ ರೀತಿ ಸಿಗುತ್ತದೆಂದು ಹೇಳಲಾಗದು; ಕರೆಂಟು ಹೋದಾಗ ಹಬ್ಬದ ದೀಪ ಅರ್ಧಗಂಟೆ ಆರಿದರೆ ನಷ್ಟವೇನೂ ಇಲ್ಲ, ಹಣತೆಗಳು ಹೇಗೂ ಉರಿಯುತ್ತಿರುತ್ತವೆ.

ಚಪ್ಪರದ ಚೌಕಟ್ಟಿಗೆ ತಾಮ್ರದ ಅರ್ಥ್ ವಯರು ಬೋಲ್ಟ್ ಮಾಡಿ ಬೋರ್ಡಿನ ಅರ್ಥ್‌ಗೆ ಸೇರಿಸಿದೆವು. ಹಳೆಯ ಸೆಟ್‌ಗಳನ್ನು ಬಿಟ್ಟು, ಅಡಾಪ್ಟರ್‌ನಿಂದ ಕಡಿಮೆ ವೋಲ್ಟೇಜಿನಲ್ಲಿ ಉರಿಯುವ, ಐಪಿ65 ಎಂದು ನಮೂದಿಸಿರುವ ಸೆಟ್‌ಗಳನ್ನು ತರಿಸಲಾಯಿತು. ಐಪಿಯ ಮುಂದಿನ ಎರಡನೆಯ ಅಂಕೆ ನೀರಿನ ರಕ್ಷಣೆಯನ್ನು ಹೇಳುತ್ತದೆ, 4 ಎಂದರೆ ಎಲ್ಲ ಕಡೆಯಿಂದ ಸಿಡಿಯುವ ಹನಿ, 5 ಎಂದರೆ ಪೈಪಿನಿಂದ ಹಾಯಿಸಿದ ನೀರು. ಈ ಗುರುತು ದೀಪದ ಸರಕ್ಕೆ ಮಾತ್ರ ಇರುವುದುಂಟು, ಅಡಾಪ್ಟರ್‌ಗೆ ಇರುವುದಿಲ್ಲ. ಆದ್ದರಿಂದ ಅಡಾಪ್ಟರ್ ಜಗಲಿಯ ಒಳಗೇ ಉಳಿಯಿತು, ಹೊರಗೆ ಹೋಗುವುದು ಕಡಿಮೆ ವೋಲ್ಟೇಜಿನ ವಯರು ಮಾತ್ರ. ಬೈಂಡಿಂಗ್ ವಯರಿನ ಬದಲು ಪ್ಲಾಸ್ಟಿಕ್ ಟೈ ಬಂತು. ಗೂಡುದೀಪಕ್ಕೆ ಬಿದಿರಿನ ಗಳ ಬಂತು. ಮನೆಯ ಹಿರಿಯರಿಗೆ ಈ ಒಂದು ಬದಲಾವಣೆ ಎಲ್ಲಕ್ಕಿಂತ ಹಿಡಿಸಿತು, ಮೊದಲಿನಿಂದಲೂ ಗೂಡುದೀಪ ತೂಗುತ್ತಿದ್ದುದು ಬಿದಿರಿನಲ್ಲೇ ತಾನೆ.

ಗೂಡುದೀಪದ ಜಾಗವನ್ನೂ ಬದಲಿಸಬೇಕಾಯಿತು. ಹಳೆಯ ಕಬ್ಬಿಣದ ಪೈಪನ್ನು ಎತ್ತಿ ನಿಲ್ಲಿಸಿದ್ದ ಮೂಲೆಯ ಮೇಲೇ ರಸ್ತೆಯ ಕಂಬದಿಂದ ಬರುವ ತೆರೆದ ಲೈನ್ ಹಾದುಹೋಗುತ್ತಿತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲಿ (2023ರಲ್ಲಿ ಇವುಗಳ ಜಾಗಕ್ಕೆ ಹೊಸ ನಿಯಮಗಳು ಬಂದಿವೆ) ಮನೆಯ ಮೇಲೆ ಹಾಯುವ ಇಂಥ ಲೈನಿಗೂ ಮಾಡಿಗೂ ನಡುವೆ ಲಂಬವಾಗಿ 2.5 ಮೀಟರ್, ಪಕ್ಕದಲ್ಲಿ 1.2 ಮೀಟರ್ ಅಂತರ ಹೇಳಿತ್ತು. 11 ಕೆವಿ (11,000 ವೋಲ್ಟ್) ಲೈನಾದರೆ ಲಂಬ ಅಂತರ 3.7 ಮೀಟರ್ ಇತ್ತು. ಮಾಡಿನಿಂದ ಅಷ್ಟು ಅಂತರವಿದ್ದರೂ ಅದರ ಮೇಲೊಂದು ಪೈಪು ಎತ್ತಿದರೆ ಅಂತರವೆಲ್ಲ ಮುಗಿದುಹೋಗುತ್ತದೆ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟರೊಬ್ಬರ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸುವಾಗ ಅದು ವಿದ್ಯುತ್ ಲೈನಿಗೆ ತಾಗಿ ಮೂವರು ಯುವಕರು ಸತ್ತರು. ಮೇಲಿನ ಲೈನಿನ ವಿಷಯದಲ್ಲಿ ಮನೆಯ ಆರ್‌ಸಿಸಿಬಿಗೆ ಯಾವ ಪಾತ್ರವೂ ಇಲ್ಲ, ದೂರ ಇರುವುದೊಂದೇ ರಕ್ಷಣೆ. ಒದ್ದೆಯಾದ ಬಿದಿರು ಕೂಡ ಅಲ್ಲಿ ನಂಬಿಕೆಗೆ ಅರ್ಹವಲ್ಲ. ಗೂಡುದೀಪ ಈಗ ಲೈನಿಗೆ ವಿರುದ್ಧ ದಿಕ್ಕಿನ ಮೂಲೆಯಲ್ಲಿ, ಮಾಡಿನ ಅಂಚಿಗಿಂತ ಕೆಳಗೆ ತೂಗುತ್ತಿದೆ.

ಹೊರಡುವ ಮುನ್ನ ಮನೆಯವರೆಲ್ಲರನ್ನೂ ಬೋರ್ಡಿನ ಮುಂದೆ ನಿಲ್ಲಿಸಿ, ಶಾಕ್ ಹೊಡೆದವರನ್ನು ಬರಿಗೈಯಲ್ಲಿ ಎಳೆಯಬಾರದು, ಮೊದಲು ಡಬಲ್ ಪೋಲ್ ಇಳಿಸಿ ಇನ್ವರ್ಟರ್ ಆರಿಸಬೇಕು, ಉಸಿರಿಲ್ಲದಿದ್ದರೆ 108ಕ್ಕೆ ಕರೆ ಮಾಡುತ್ತಲೇ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತ ಇರಬೇಕು, ಬೀದಿಯ ಲೈನ್ ತುಂಡಾಗಿದ್ದರೆ ಹತ್ತಿರ ಸುಳಿಯದೆ ವಿದ್ಯುತ್ ಕಂಪನಿಯ 1912ಕ್ಕೆ ತಿಳಿಸಬೇಕು ಎಂದು ಮಾಡಿ ತೋರಿಸಿ ಹೇಳಿದೆ. ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತುವ ಹೊಣೆಯನ್ನು ಮೊಮ್ಮಗ ತಾನೇ ವಹಿಸಿಕೊಂಡ.

ತುಳಸಿಪೂಜೆಯ ದಿನ ಮಳೆ ಸುರಿಯುತ್ತಿದ್ದಾಗ ಹೊರಗಿನ ಸರ್ಕಿಟ್ಟಿನ ಸೋರಿಕೆಯನ್ನು ಕ್ಲ್ಯಾಂಪ್ ಮೀಟರ್‌ನಲ್ಲಿ ಅಳೆದಾಗ ಒಂದು ಮಿಲಿಆಂಪಿಯರಿಗೂ ಕಡಿಮೆ ಬಂತು. ಉಳಿದಿರುವುದು ಎರಡು ಕೆಲಸ. ಬೇಸಗೆಗೆ ಮೊದಲು ಅರ್ಥಿಂಗ್ ಗುಂಡಿಗೆ ಇನ್ನೊಂದು ರಾಡು ಇಳಿಸಿ ತಡೆಯನ್ನು ತಗ್ಗಿಸಬೇಕು. ತೆರೆದ ಲೈನಿನ ಬದಲು ಇನ್ಸುಲೇಟೆಡ್ ಕೇಬಲ್ ಹಾಕಿಕೊಡಲು ಮನೆಯವರು ವಿದ್ಯುತ್ ಕಂಪನಿಗೆ ಕೊಟ್ಟಿರುವ ಅರ್ಜಿ ಇತ್ಯರ್ಥವಾಗಬೇಕು.